ಮುಂಬೈಯಲ್ಲಿ ದಿನಾ ಊಟ ಎಲ್ಲಿ? ಉಡುಪಿ ಹೋಟೆಲಾ, ಡಬ್ಬಾನಾ, ಪೋಳಿ-ಭಾಜಿಯಾ?

ಮುಂಬೈಗೆ ಕೆಲಸಕ್ಕೆ ಬರುವ ನಮ್ಮ ಕಡೆಯ ಹುಡುಗ ಹುಡುಗಿಯರು ಬಾಡಿಗೆ ರೂಮು ಸಿಕ್ಕಿದ ತಕ್ಷಣ ಕೇಳುವ ಪ್ರಶ್ನೆ ಇದು: ದಿನಾ ಊಟಕ್ಕೆ ಏನು ಮಾಡುವುದು? ಊರಿನ ಸಂಬಂಧಿಕರು ‘ಅಲ್ಲಿ ಗಲ್ಲಿಗೊಂದು ಉಡುಪಿ ಹೋಟೆಲ್ ಇದೆ, ಏನೂ ಚಿಂತೆ ಬೇಡ’ ಅಂತಾರೆ. ರೂಮ್‌ಮೇಟ್ ‘ಡಬ್ಬಾ ಹಚ್ಚಿಸಿಕೋ’ ಅಂತಾನೆ, ಅಂದರೆ ಯಾರದೋ ಮನೆಯಲ್ಲಿ ಮಾಡಿದ ಊಟವನ್ನು ತಿಂಗಳ ಲೆಕ್ಕಕ್ಕೆ ಡಬ್ಬಿಯಲ್ಲಿ ತರಿಸಿಕೊಳ್ಳುವುದು. ಆಫೀಸಿನವರು ‘ಆ್ಯಪ್ ಇದೆಯಲ್ಲ’ ಅಂತಾರೆ. ಎಲ್ಲರೂ ತಮ್ಮ ಮಟ್ಟಿಗೆ ಸರಿ ಹೇಳುತ್ತಾರೆ, ಅದಕ್ಕೇ ಗೊಂದಲ.

‘ಮುಂಬೈಯ ಹತ್ತು ಅತ್ಯುತ್ತಮ ಹೋಟೆಲುಗಳು’ ಅನ್ನುವ ಪಟ್ಟಿಯಿಂದ ಪ್ರವಾಸಕ್ಕೆ ಬಂದವರಿಗೆ ಉಪಯೋಗ ಇರಬಹುದು. ವಾರಕ್ಕೆ ಇಪ್ಪತ್ತೊಂದು ಹೊತ್ತು ಹೊಟ್ಟೆ ತುಂಬಿಸಿಕೊಳ್ಳಬೇಕಾದವರಿಗೆ ಅದು ಬರೀ ಟೈಂಪಾಸ್. ನನ್ನ ಪ್ರಕಾರ ಇಲ್ಲಿ ಯಾವುದಾದರೂ ಒಂದು ಜಾಗವನ್ನು ಆರಿಸಿಕೊಳ್ಳಲು ಹೋಗಬಾರದು, ಯಾವ ಹೊತ್ತಿನ ಊಟ ಎಲ್ಲಿ ಅಂತ ಆರಿಸಬೇಕು. ಬೆಳಗಿನ ತಿಂಡಿಗೆ ಸರಿಹೋಗುವ ಜಾಗ ರಾತ್ರಿ ಊಟಕ್ಕೆ ದುಬಾರಿ ಆಗಬಹುದು, ರಾತ್ರಿಗೆ ಒಳ್ಳೆಯದು ಮಧ್ಯಾಹ್ನ ತೆರೆದೇ ಇರಲಿಕ್ಕಿಲ್ಲ.

ಮೊದಲು ಏನು ನೋಡಬೇಕು

ತಿಂಗಳ ಲೆಕ್ಕ ಹಾಕಿ. ಒಂದು ಪ್ಲೇಟಿನ ರೇಟು ನೋಡಿ ತೀರ್ಮಾನ ಮಾಡಬೇಡಿ. 160 ರೂಪಾಯಿಯ ಊಟ ಅಗ್ಗ ಅನಿಸುತ್ತದೆ, ಎರಡು ಹೊತ್ತು, ಮೂವತ್ತು ದಿನ ಗುಣಿಸಿದರೆ 9,600. ಅದರ ಮೇಲೆ ತಿಂಡಿ, ಚಹಾ.

ಎರಡನೆಯದು ದೂರ. ಇಲ್ಲಿ ದೂರ ಅಂದರೆ ಕಿಲೋಮೀಟರ್ ಅಲ್ಲ, ಸ್ಟೇಷನ್ನಿನ ಯಾವ ಬದಿ ಅನ್ನುವುದು. ನೀವು ಈಸ್ಟಿನಲ್ಲಿದ್ದು ಹೋಟೆಲು ವೆಸ್ಟಿನಲ್ಲಿದ್ದರೆ, ಆಫೀಸ್ ಬಿಡುವ ಹೊತ್ತಿಗೆ ಆ ಸೇತುವೆ ಹತ್ತಿ ಇಳಿದು ಜನರನ್ನು ತಳ್ಳಿಕೊಂಡು ಹೋಗುವಷ್ಟರಲ್ಲಿ ಹಸಿವೇ ಸತ್ತುಹೋಗುತ್ತದೆ. ಸ್ಟೇಷನ್ನಿನಿಂದ ಮನೆಗೆ ಹೋಗುವ ದಾರಿಯಲ್ಲೇ ಇರುವ ಸಾಧಾರಣ ಹೋಟೆಲು ಎರಡು ಸ್ಟೇಷನ್ ಆಚೆಯ ಹೆಸರಾಂತ ಹೋಟೆಲಿಗಿಂತ ಮೇಲು.

ಮೂರನೆಯದು ಹೊಟ್ಟೆ. ತಿಂಗಳಿಗೊಮ್ಮೆ ತಿಂದರೆ ಏನೂ ಆಗದ ಊಟ ದಿನಾ ತಿಂದರೆ ಬೇರೆ ಕಥೆ. ಎಣ್ಣೆ, ಸೋಡಾ, ಮೈದಾ ಎಷ್ಟಿದೆ ಅನ್ನುವುದು ಎರಡನೇ ವಾರದಲ್ಲಿ ತಾನಾಗಿ ಗೊತ್ತಾಗುತ್ತದೆ. ಇದರ ಜೊತೆಗೆ ನಿಮ್ಮ ಡ್ಯೂಟಿ ಎಷ್ಟಕ್ಕೆ ಮುಗಿಯುತ್ತದೆ ಅನ್ನುವುದನ್ನೂ ಸೇರಿಸಿಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಇಳಿಯುವವರಿಗೆ ಅರ್ಧ ಆಯ್ಕೆಗಳು ಅಲ್ಲೇ ಬಿದ್ದುಹೋಗುತ್ತವೆ.

ಉಡುಪಿ ಹೋಟೆಲ್: ತಿಂಡಿಗೆ ಕಣ್ಣು ಮುಚ್ಚಿ, ಊಟಕ್ಕೆ ಕಣ್ಣು ಬಿಟ್ಟು

ಕರಾವಳಿಯಿಂದ ಬಂದ ಶೆಟ್ಟರು, ನಾಯಕರು, ಕಾಮತರು, ಭಟ್ಟರು ಕಟ್ಟಿದ ಲೋಕ ಇದು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರ ಒಂದು ತಲೆಮಾರೇ ಈ ಊರಿನಲ್ಲಿತ್ತು. ಇವತ್ತಿಗೂ ಎಷ್ಟೋ ಕಡೆ ಗಲ್ಲಾದಲ್ಲಿ ಕೂತವರ ಹತ್ತಿರ ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿದರೆ ಮುಖ ಅರಳುತ್ತದೆ. ಬಿಲ್ಲಿನಲ್ಲಿ ಏನೂ ಕಡಿಮೆ ಆಗುವುದಿಲ್ಲ, ಅದು ಬೇರೆ ವಿಷಯ.

ತಿಂಡಿಗೆ ಇದಕ್ಕೆ ಸಾಟಿ ಇಲ್ಲ. ಇಡ್ಲಿ, ವಡೆ, ಉಪ್ಪಿಟ್ಟು, ಸಾದಾ ದೋಸೆ ಬಿಸಿಬಿಸಿಯಾಗಿ, ಐದು ನಿಮಿಷದಲ್ಲಿ, ಬಹಳ ಕಡೆ 50ರಿಂದ 90 ರೂಪಾಯಿ ಒಳಗೆ. ಬೆಳಿಗ್ಗೆ ಗಿರಾಕಿ ಜಾಸ್ತಿ, ಹಾಗಾಗಿ ಹಿಟ್ಟು ಹಳಸುವುದಕ್ಕೆ ಪುರಸೊತ್ತೇ ಇರುವುದಿಲ್ಲ. ರುಚಿಯ ವಿಷಯದಲ್ಲಿ ಮಾತ್ರ ಮನಸ್ಸು ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ಇಲ್ಲಿನ ಸಾಂಬಾರು ಗುಜರಾತಿ ನಾಲಿಗೆಗೂ ಹೊಂದಬೇಕು, ಅದಕ್ಕೇ ಸಿಹಿ ಜಾಸ್ತಿ. ಇನ್ನು ಇಲ್ಲಿನ ‘ಮೈಸೂರು ಮಸಾಲಾ’ದೊಳಗೆ ಬೀಟ್‌ರೂಟೋ ಕ್ಯಾಪ್ಸಿಕಮ್ಮೋ ಸಿಕ್ಕಿದರೆ ಮೈಸೂರಿನವರು ಗಾಬರಿ ಆಗಬಾರದು, ಅದು ಈ ಊರಿನದೇ ದೋಸೆ, ಬೇರೆಯದೇ ತಿಂಡಿ ಅಂದುಕೊಂಡು ತಿಂದರೆ ಚೆನ್ನಾಗಿಯೇ ಇರುತ್ತದೆ. ಕಾಫಿ ಕೇಳುವ ಮೊದಲು ಫಿಲ್ಟರ್ ಕಾಫಿಯೇ ಅಂತ ಖಚಿತ ಮಾಡಿಕೊಳ್ಳಿ. ಇಲ್ಲ ಅಂದರೆ ಸುಮ್ನೆ ಚಹಾ ಕುಡಿಯಿರಿ.

ಊಟದ ಲೆಕ್ಕ ಬೇರೆ. ಮಧ್ಯಾಹ್ನ ‘ರೈಸ್ ಪ್ಲೇಟ್’ ಕೇಳಿದರೆ ಪೂರಿ ಅಥವಾ ಚಪಾತಿ, ಎರಡು ಪಲ್ಯ, ದಾಲ್, ಸಾಂಬಾರು, ಸಾರು, ಅನ್ನ, ಮೊಸರು, ಹಪ್ಪಳ ಬರುತ್ತದೆ. ಸಾಮಾನ್ಯ ಬಡಾವಣೆಯಲ್ಲಿ ಸುಮಾರು 120ರಿಂದ 180 ರೂಪಾಯಿ. ಇದು ನ್ಯಾಯವಾದ ರೇಟು. ಆದರೆ ರಾತ್ರಿ ಇದೇ ಹೋಟೆಲಿಗೆ ಹೋದರೆ ಬಹಳ ಕಡೆ ರೈಸ್ ಪ್ಲೇಟ್ ಇರುವುದಿಲ್ಲ, ಮೆನು ಕಾರ್ಡಿನ ಹಿಂದಿನ ಪುಟಗಳಿಗೆ ಹೋಗಬೇಕು: ಪನೀರ್, ಪಂಜಾಬಿ, ಚೈನೀಸ್. ಒಂದು ಪನೀರ್ ಸಬ್ಜಿ, ಎರಡು ರೋಟಿ, ಮೇಲೊಂದು ಜೀರಾ ರೈಸ್ ಅಂದರೆ ಒಬ್ಬನಿಗೆ 400 ದಾಟುತ್ತದೆ, ಮಿಗುತ್ತದೆ ಕೂಡ. ಅಲ್ಲಿನ ಗ್ರೇವಿ ಎಲ್ಲ ಹೋಟೆಲಿನಲ್ಲೂ ಒಂದೇ ರುಚಿ. ಉಡುಪಿ ಹೋಟೆಲಿನಲ್ಲಿ ಮೆನುವಿನ ಮೊದಲ ಎರಡು ಪುಟ ದಾಟಬೇಡಿ ಅನ್ನುವುದು ನನ್ನ ಸಲಹೆ. ಎಸಿ ಕೋಣೆಗೂ ಹೋಗಬೇಡಿ, ಅದೇ ಇಡ್ಲಿಗೆ ಅಲ್ಲಿ ರೇಟು ಬೇರೆ ಇರುತ್ತದೆ.

ಮಾಟುಂಗಾದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ರಾಮ ಆಶ್ರಯ 1939ರದು, ಕೆಫೆ ಮದ್ರಾಸ್ 1940ರದು, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು, ಎಲ್ಲ ಮಾಟುಂಗಾ ಈಸ್ಟಿನಲ್ಲಿ ನಡೆದು ಹೋಗುವ ದೂರದಲ್ಲಿವೆ. ರಾಮ ಆಶ್ರಯದ ಪೈನಾಪಲ್ ಶೀರಾ, ಕೆಫೆ ಮದ್ರಾಸಿನ ದೋಸೆ, ರಾಮ ನಾಯಕರಲ್ಲಿ ಬಾಳೆ ಎಲೆ ಊಟ. ಮೂರರಲ್ಲಿ ಒಂದೇ ಆರಿಸು ಅಂದರೆ ನಾನು ಎಲೆ ಊಟಕ್ಕೇ ಹೋಗುತ್ತೇನೆ, ಯಾಕೆಂದರೆ ಒಳ್ಳೆಯ ದೋಸೆ ಮುಂಬೈಯಲ್ಲಿ ಬೇರೆ ಕಡೆಯೂ ಸಿಗುತ್ತದೆ, ಒಳ್ಳೆಯ ಸಾರು ಸಿಗುವುದು ಕಷ್ಟ. ಆದರೆ ಇವು ಭಾನುವಾರದ ಜಾಗಗಳು. ಭಾನುವಾರ ಬೆಳಿಗ್ಗೆ ಸಾಲು ಉದ್ದ ಇರುತ್ತದೆ, ತಿಂದ ಮೇಲೆ ಹರಟೆ ಹೊಡೆಯುತ್ತ ಕೂರುವ ಹಾಗಿಲ್ಲ, ಹಿಂದೆ ನಿಂತವರು ನಿಮ್ಮ ಲೋಟವನ್ನೇ ನೋಡುತ್ತಿರುತ್ತಾರೆ. ವಾರದ ದಿನ ಸಂಜೆ ನಾಲ್ಕು ಗಂಟೆಯ ಮೇಲೆ ತಿಂಡಿಗೆ ಹೋದರೆ ಆರಾಮ. ಸೋಮವಾರ ಹೋಗಬೇಡಿ, ಇಲ್ಲಿನ ಕೆಲವಕ್ಕೆ ಅವತ್ತು ರಜೆ. ಹೊಸಬರಿಗೆ ಇನ್ನೊಂದು ಮಾತು: ಮಾಟುಂಗಾ ಸೆಂಟ್ರಲ್ ಲೈನಿನದು, ಮಾಟುಂಗಾ ರೋಡ್ ವೆಸ್ಟರ್ನ್ ಲೈನಿನದು, ಎರಡೂ ಬೇರೆ. ಸೆಂಟ್ರಲ್‌ನಲ್ಲಿ ಬರುವುದಾದರೆ ಸ್ಲೋ ಲೋಕಲ್ ಹಿಡಿಯಿರಿ, ಫಾಸ್ಟ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ.

ಡಬ್ಬಾ ಮತ್ತು ಮೆಸ್

ಬಹಳ ಜನ ಅಂದುಕೊಂಡಿರುವ ಹಾಗೆ ಬಿಳಿ ಟೋಪಿಯ ಡಬ್ಬಾವಾಲಾಗಳು ಅಡುಗೆ ಮಾಡುವುದಿಲ್ಲ. 1890ರಿಂದ ನಡೆದುಬಂದ ಆ ವ್ಯವಸ್ಥೆ ಮನೆಯಿಂದಲೋ ಅಡುಗೆಯವರಿಂದಲೋ ಡಬ್ಬಿ ಎತ್ತಿ ಆಫೀಸಿಗೆ ಮುಟ್ಟಿಸಿ ಖಾಲಿ ಡಬ್ಬಿ ವಾಪಸು ತರುವುದು ಅಷ್ಟೇ. ಒಂಟಿಯಾಗಿ ಇರುವವರಿಗೆ ಬೇಕಾಗಿರುವುದು ಡಬ್ಬಾ ಮಾಡಿ ಕೊಡುವ ಮನೆಯವರು. ಇಂಥವರ ಬೋರ್ಡು ಇರುವುದಿಲ್ಲ. ಬಿಲ್ಡಿಂಗಿನ ವಾಚ್‌ಮನ್ನು, ಇಸ್ತ್ರಿಯವರು, ಪಕ್ಕದ ಕಿರಾಣಿ ಅಂಗಡಿ, ಈ ಮೂವರಲ್ಲಿ ಒಬ್ಬರಿಗೆ ಖಂಡಿತ ಗೊತ್ತಿರುತ್ತದೆ.

ದುಡ್ಡಿನ ಲೆಕ್ಕದಲ್ಲಿ ಡಬ್ಬಾ ಗೆಲ್ಲುತ್ತದೆ. ಏರಿಯಾ ನೋಡಿಕೊಂಡು ಎರಡು ಹೊತ್ತಿಗೆ ತಿಂಗಳಿಗೆ ಸುಮಾರು 3,500ರಿಂದ 5,000. ಚಪಾತಿ, ಒಂದು ಪಲ್ಯ, ದಾಲ್, ಅನ್ನ. ಹೊಟ್ಟೆಗೂ ಹಗುರ. ಆದರೆ ತೊಂದರೆಗಳು ಗಟ್ಟಿಯಾಗಿವೆ. ಅನ್ನ ಕಡಿಮೆ, ಚಪಾತಿ ಜಾಸ್ತಿ. ಅನ್ನ ಸಾರು ತಿಂದು ಬೆಳೆದವರಿಗೆ ಆ ಸಣ್ಣ ಡಬ್ಬಿಯ ಅನ್ನ ನಾಲ್ಕು ತುತ್ತಿಗೆ ಮುಗಿಯುತ್ತದೆ. ವಾರಕ್ಕೆ ಎರಡು ಸಲ ಆಲೂಗಡ್ಡೆ ಗ್ಯಾರಂಟಿ. ಹೆಚ್ಚಿನವರು ಭಾನುವಾರ ರಾತ್ರಿ ಕೊಡುವುದಿಲ್ಲ. ಮುಖ್ಯವಾಗಿ, ನೀವು ಗೆಳೆಯರ ಜೊತೆ ಹೊರಗೆ ತಿಂದ ದಿನದ ದುಡ್ಡು ವಾಪಸು ಬರುವುದಿಲ್ಲ. ತಿಂಗಳಿಗೆ ಎಂಟು ಹತ್ತು ಡಬ್ಬಿ ಹಾಗೇ ಹಾಳಾಗುವುದಾದರೆ ಈ ಅಗ್ಗ ಅನ್ನುವುದಕ್ಕೆ ಅರ್ಥ ಇಲ್ಲ. ಅದಕ್ಕೇ ಮುಂಗಡ ಕೊಡುವ ಮೊದಲು ಎರಡು ವಿಷಯ ಕೇಳಿ: ಹಿಂದಿನ ದಿನ ಹೇಳಿದರೆ ಕಟ್ ಆಗುತ್ತದಾ, ಮತ್ತೆ ಎರಡು ಮೂರು ದಿನ ಬಿಡಿಯಾಗಿ ದುಡ್ಡು ಕೊಟ್ಟು ತಿಂದು ನೋಡಬಹುದಾ. ಎರಡನೆಯದಕ್ಕೆ ಒಪ್ಪದವರ ಹತ್ತಿರ ಹೋಗಲೇಬೇಡಿ.

ಮನೆಯಲ್ಲಿ ಬೇಯಿಸಿ ಹೊರಗಿನವರಿಗೆ ಊಟ ಹಾಕುವುದು ಈ ಊರಿಗೆ ಹೊಸದಲ್ಲ. ಗಿರಣಿ ಕಾರ್ಮಿಕರಿಗೆ ಅಡುಗೆ ಮಾಡಿ ಹಾಕುತ್ತಿದ್ದ ಹೆಂಗಸರನ್ನು ಸೇರಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಪರೇಲ್, ಲಾಲ್‌ಬಾಗ್ ಕಡೆ ಗಿರಣಿಗಳು ಹೋದವು, ಖಾನಾವಳಿಯ ಅಭ್ಯಾಸ ಪೂರ್ತಿ ಹೋಗಲಿಲ್ಲ.

ಯಾರೂ ಹೇಳಿಕೊಡದ ಪೋಳಿ-ಭಾಜಿ ಕೇಂದ್ರ

ಮರಾಠಿಯಲ್ಲಿ ಪೋಳಿ ಅಂದರೆ ಚಪಾತಿ, ಭಾಜಿ ಅಂದರೆ ಪಲ್ಯ. ನನಗೆ ಅತಿ ಹೆಚ್ಚು ಇಷ್ಟವಾದ ಆಯ್ಕೆ ಇದು, ಆದರೆ ಕನ್ನಡದವರು ಇದರತ್ತ ತಿರುಗಿಯೂ ನೋಡುವುದಿಲ್ಲ. ದಾದರ್, ಡೊಂಬಿವಲಿ, ಠಾಣೆ, ಮುಲುಂಡ್, ಬೊರಿವಲಿ ಥರದ ಮರಾಠಿ ಜನ ಇರುವ ಕಡೆಯಲ್ಲೆಲ್ಲ ಸ್ಟೇಷನ್ ಹತ್ತಿರ ಸಣ್ಣ ಅಂಗಡಿಗಳು. ಒಳಗೆ ಕೂರಲು ಜಾಗ ಇಲ್ಲ. ಮುಂದೆ ಸ್ಟೀಲ್ ಡಬ್ಬಗಳಲ್ಲಿ ಪಲ್ಯ, ಉಸಳ್ (ಮೊಳಕೆ ಕಾಳಿನ ಪಲ್ಯ), ಆಮ್ಟಿ (ಬೇಳೆ ಸಾರು), ಪಕ್ಕದಲ್ಲಿ ಚಪಾತಿಯ ಅಟ್ಟಿ. ಚಪಾತಿ ಒಂದಕ್ಕೆ ಹತ್ತು ಹನ್ನೆರಡು ರೂಪಾಯಿ, ಪಲ್ಯ 40ರಿಂದ 60. ಕೆಲಸದಿಂದ ಮನೆಗೆ ಹೋಗುವ ಹೆಂಗಸರು ಇಲ್ಲಿಂದ ಕಟ್ಟಿಸಿಕೊಂಡು ಹೋಗುತ್ತಾರೆ, ಮನೆಯಲ್ಲಿ ಮಕ್ಕಳಿಗೆ ಬಡಿಸುತ್ತಾರೆ. ರುಚಿ ಶುಚಿಯ ಬಗ್ಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಡ.

ಇದರ ಗುಟ್ಟು ಏನೆಂದರೆ ಬೇಕಾದಷ್ಟೇ ಕೊಳ್ಳಬಹುದು. ರೂಮಿನಲ್ಲಿ ಒಂದು ಸಣ್ಣ ಕುಕ್ಕರ್ ಇದ್ದು ನೀವೇ ಅನ್ನ ಮಾಡಿಕೊಂಡರೆ, ಒಂದು ಪಲ್ಯ, ಒಂದು ಆಮ್ಟಿ ತಂದರೆ ಸಾಕು, ಮೊಸರು ಸೇರಿಸಿ ನೂರು ನೂರಿಪ್ಪತ್ತರಲ್ಲಿ ಮನೆ ಊಟ. ಮುಂಗಡ ಇಲ್ಲ, ಹೊರಗೆ ತಿಂದ ದಿನ ನಷ್ಟವೂ ಇಲ್ಲ. ಕೊರತೆ ಎರಡು. ರಾತ್ರಿ ಒಂಬತ್ತರ ಮೇಲೆ ಹೋದರೆ ಒಳ್ಳೆಯ ಪಲ್ಯ ಖಾಲಿಯಾಗಿರುತ್ತದೆ. ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ಪವೈ ಹೀರಾನಂದಾನಿಯಂಥ ಹೊಸ ಏರಿಯಾಗಳಲ್ಲಿ ಇಂಥ ಅಂಗಡಿ ಹುಡುಕುವುದು ಕಷ್ಟ. ಅಲ್ಲಿದ್ದವರು ಪಕ್ಕದ ಹಳೆ ಏರಿಯಾಕ್ಕೆ ಕಾಲು ಹಾಕಬೇಕು: ಬಿಕೆಸಿಯವರು ಬಾಂದ್ರಾ ಈಸ್ಟಿನ ಕಡೆ, ಪವೈಯವರು ಐಐಟಿ ಮಾರ್ಕೆಟ್ ಕಡೆ.

ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಒಂದು ಕಿವಿಮಾತು. ಉಡುಪಿ ಹೋಟೆಲ್ ‘ನಮ್ಮದು’ ಅಂತ ಹೋಗಿ ಸಿಹಿ ಸಾಂಬಾರಿಗೆ ಬೇಜಾರು ಮಾಡಿಕೊಳ್ಳುವುದಕ್ಕಿಂತ ಮರಾಠಿ ಖಾನಾವಳಿಗೆ ಹೋಗಿ. ಜೋಳದ ಭಾಕ್ರಿ, ಝುಣಕಾ, ಠೇಚಾ, ಹಸಿ ಈರುಳ್ಳಿ. ನಿಮ್ಮ ಮನೆ ಊಟಕ್ಕೆ ಅದೇ ಹತ್ತಿರ. ಹಾಸನ ಮಂಡ್ಯದವರಿಗೆ ಮಾತ್ರ ನನ್ನ ಹತ್ತಿರ ಒಳ್ಳೆಯ ಸುದ್ದಿ ಇಲ್ಲ, ಮುದ್ದೆ ಬೇಕು ಅಂದರೆ ರಾಗಿ ಹಿಟ್ಟು ತಂದು ನೀವೇ ಕೋಲು ಹಿಡಿಯಬೇಕು.

ಮರಾಠಿ ತಿಂಡಿಗೆ ದಾದರ್ ವೆಸ್ಟ್ ಸಾಕು. ಪ್ರಕಾಶ್‌ನ ಸಾಬೂದಾಣಾ ವಡಾ ಮತ್ತು ಪೀಯೂಷ್ (ಮೊಸರಿನ ಸಿಹಿ ಪಾನೀಯ), ಆಸ್ವಾದ್‌ನ ಮಿಸಳ್, 1910ರಿಂದ ಇರುವ ಮಾಮಾ ಕಾಣೆಯ ಬಟಾಟಾ ವಡಾ. ಉಡುಪಿ ತಿಂಡಿಯಷ್ಟೇ ಖರ್ಚು, ಬಾಯಿಗೆ ಬದಲಾವಣೆ.

ಮೀನು ತಿನ್ನುವವರಿಗೆ

ಇಲ್ಲಿ ದುಡ್ಡು ಕಳೆಯುವುದು ಸುಲಭ. ಫೋರ್ಟಿನ ಮಹೇಶ್ ಲಂಚ್ ಹೋಮ್, ಅಪೂರ್ವ, ತೃಷ್ಣಾ ಮಂಗಳೂರು ಕಡೆಯ ಅಡುಗೆಗೆ ಹೆಸರುವಾಸಿ. ಗಸ್ಸಿ, ನೀರ್ ದೋಸೆ, ಅಂಜಲ್ ಫ್ರೈ ನೆನಪಾಗಿ ಕಣ್ಣಲ್ಲಿ ನೀರು ಬಂದ ದಿನ ಹೋಗಿ, ಆದರೆ ಸಂಬಳದ ವಾರದಲ್ಲಿ ಹೋಗಿ. ಮೆನುವಿನಲ್ಲಿ ಏಡಿ, ಪಾಪ್ಲೆಟ್ (ಪಾಂಫ್ರೆಟ್ ಮೀನು) ಎದುರು ರೇಟು ಇಲ್ಲದೆ ‘ಸೈಜ್ ಪ್ರಕಾರ’ ಅಂತ ಬರೆದಿದ್ದರೆ, ಆರ್ಡರ್ ಕೊಡುವ ಮೊದಲೇ ತೂಕ ಮತ್ತು ರೇಟು ಕೇಳಿ. ನಾಚಿಕೆ ಬೇಡ. ಬಿಲ್ ಬಂದ ಮೇಲೆ ನಾಚಿಕೆಗೆ ಬೆಲೆ ಜಾಸ್ತಿ.

ದಿನನಿತ್ಯಕ್ಕೆ ಆಗುವುದು ಮಾಲ್ವಣಿ ಥಾಲಿ, ಅಂದರೆ ಮಹಾರಾಷ್ಟ್ರದ ಕೊಂಕಣ ಕರಾವಳಿಯ ಊಟ. ದಾದರ್‌ನ ಚೈತನ್ಯ, ಸಿಂಧುದುರ್ಗ, ಬಾಂದ್ರಾ ಈಸ್ಟಿನ ಹೈವೇ ಗೋಮಾಂತಕ್ ಹೆಸರು ಮಾಡಿದವು, ಅದೇ ಮಾದರಿಯ ಚಿಕ್ಕ ಜಾಗಗಳು ಗಿರ್ಗಾಂವ್‌ನಿಂದ ಠಾಣೆಯವರೆಗೂ ಇವೆ. ಒಂದು ಹುರಿದ ಮೀನು, ಒಂದು ಸಾರು, ಚಪಾತಿ ಅಥವಾ ಅಕ್ಕಿ ಭಾಕ್ರಿ, ಅನ್ನ, ಸೋಲ್‌ಕಢಿ (ಕೋಕಮ್, ತೆಂಗಿನ ಹಾಲಿನ ಪಾನೀಯ). ರೇಟು ನಿಂತಿರುವುದು ಮೀನಿನ ಮೇಲೆ. ಬಾಂಗ್ಡಾ, ಅಂದರೆ ನಮ್ಮ ಬಂಗುಡೆ, ಮತ್ತು ಬೊಂಬಿಲ್ (ಬಾಂಬೆ ಡಕ್ ಅನ್ನುವ ಮೀನು) ಥಾಲಿ ಅಗ್ಗ. ಸುರ್ಮಾಯಿ, ಅಂದರೆ ಅಂಜಲ್, ಮತ್ತು ಪಾಪ್ಲೆಟ್ ಥಾಲಿ ದುಬಾರಿ, ಕೆಲವು ಕಡೆ ಹೆಚ್ಚುಕಡಿಮೆ ಎರಡರಷ್ಟು. ರುಚಿಯಲ್ಲಿ ಬಂಗುಡೆಗೆ ಯಾವ ಮೀನೂ ಸಮ ಇಲ್ಲ ಅನ್ನುವುದು ಕರಾವಳಿಯವರಿಗೆ ಗೊತ್ತೇ ಇದೆ, ಹಾಗಿದ್ದಾಗ ಜಾಸ್ತಿ ದುಡ್ಡು ಯಾಕೆ? ಮಸಾಲೆ ಮಾತ್ರ ಬೇರೆ, ಇಲ್ಲಿ ಹುಣಸೆಗಿಂತ ಕೋಕಮ್ಮಿನ ಹುಳಿ ಮುಂದೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಬಹಳ ಕಡೆ ಐಸಿನ ಮೀನೇ, ರೇಟೂ ಮೇಲೆ. ಆಗ ಕೋಳಿ ಥಾಲಿ ಅಥವಾ ಒಣಮೀನಿನ ಚಟ್ನಿ ಜೊತೆ ಊಟ ಜಾಣತನ.

ಉಳಿದವು

ಬೀದಿ ತಿಂಡಿಯನ್ನು ಊಟ ಅಂತ ಲೆಕ್ಕ ಮಾಡಬೇಡಿ. 1966ರಲ್ಲಿ ದಾದರ್ ಸ್ಟೇಷನ್ ಹೊರಗೆ ಅಶೋಕ್ ವೈದ್ಯ ಶುರು ಮಾಡಿದರು ಅನ್ನಲಾಗುವ ವಡಾ ಪಾವ್ ಇವತ್ತಿಗೂ ಬಹಳ ಕಡೆ 15ರಿಂದ 25 ರೂಪಾಯಿಗೆ ಸಿಗುತ್ತದೆ, ಸಂಜೆ ಐದರ ಹಸಿವಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಎರಡು ವಡಾ ಪಾವನ್ನೇ ಮಧ್ಯಾಹ್ನದ ಊಟ ಮಾಡಿಕೊಂಡವರು ಉಳಿಸಿದ ದುಡ್ಡನ್ನು ಆಮೇಲೆ ಗ್ಯಾಸಿನ ಮಾತ್ರೆಗೆ ಕೊಡುತ್ತಾರೆ. ಕಣ್ಣೆದುರು ಎಣ್ಣೆಯಿಂದ ಎತ್ತಿ ಕೊಡುವ ಗಾಡಿ ಆರಿಸಿ. ಮಳೆಗಾಲದಲ್ಲಿ ಪಾನಿಪುರಿ, ಐಸು ಬೇಡ.

ಇರಾನಿ ಕೆಫೆಗಳು ಬನ್ ಮಸ್ಕಾ, ಚಹಾ, ಆಮ್ಲೆಟ್‌ಗೆ ಸರಿ. ಮರೀನ್ ಲೈನ್ಸ್ ಹತ್ತಿರದ ಕಯಾನಿ 1904ರದು, ಎರಡು ತಾಸು ಕೂರಲು ಬಂದವರಿಗೆ ಹೇಳಿ ಮಾಡಿಸಿದ ಜಾಗ. ಬ್ಯಾಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ ಹೆಸರು ಎಲ್ಲರೂ ಹೇಳುತ್ತಾರೆ, ಆದರೆ ಅದು ಹೆಚ್ಚಿನ ದಿನ ಮಧ್ಯಾಹ್ನ ಮಾತ್ರ, ಅಗ್ಗವೂ ಅಲ್ಲ.

ಕಾಲಬಾದೇವಿಯ ಶ್ರೀ ಠಾಕರ್ ಭೋಜನಾಲಯದಂಥ ಗುಜರಾತಿ ಥಾಲಿಗಳು 500 ದಾಟಿ ಕಾಲವಾಯಿತು. ಊರಿನಿಂದ ಅಪ್ಪ ಅಮ್ಮ ಬಂದಾಗ, ಬೆಳಗಿನ ತಿಂಡಿ ಬಿಟ್ಟು ಹೋಗಿ. ಇಲ್ಲದಿದ್ದರೆ ಕೊಟ್ಟ ದುಡ್ಡು ಹುಟ್ಟುವುದಿಲ್ಲ.

ನಮ್ಮ ಇಂದಿರಾ ಕ್ಯಾಂಟೀನ್ ಥರದ್ದು ಇಲ್ಲಿ ಇದೆಯಾ ಅಂತ ಕೇಳುವವರಿಗೆ: ಮಹಾರಾಷ್ಟ್ರ ಸರ್ಕಾರ 2020ರ ಜನವರಿ 26ರಂದು 10 ರೂಪಾಯಿಯ ಶಿವಭೋಜನ ಥಾಲಿ ಶುರು ಮಾಡಿತು, ಎರಡು ಚಪಾತಿ, ಪಲ್ಯ, ದಾಲ್, ಅನ್ನ. ಆದರೆ ಅದು ಗಲ್ಲಿಗೊಂದು ಇಲ್ಲ, ದಿನಕ್ಕೆ ಇಷ್ಟೇ ಥಾಲಿ ಅಂತ ಮಿತಿ ಇದೆ. ಅದನ್ನೇ ನಂಬಿ ತಿಂಗಳ ಲೆಕ್ಕ ಹಾಕುವ ಹಾಗಿಲ್ಲ.

ಇನ್ನು ಆ್ಯಪ್. ಅದೇ ಹೋಟೆಲಿನ ಅದೇ ದೋಸೆಗೆ ಆ್ಯಪಿನಲ್ಲಿ ಸಾಮಾನ್ಯವಾಗಿ ರೇಟು ಜಾಸ್ತಿ, ಮೇಲೆ ಡೆಲಿವರಿ, ಪ್ಲಾಟ್‌ಫಾರ್ಮ್ ಫೀ, ಪ್ಯಾಕಿಂಗ್. ದೋಸೆ ಬರುವಷ್ಟರಲ್ಲಿ ಒದ್ದೆ ಬಟ್ಟೆ ಆಗಿರುತ್ತದೆ. ಮಳೆ ಹೊಯ್ಯುವ ರಾತ್ರಿಗೆ ಇಟ್ಟುಕೊಳ್ಳಿ.

ನಿಮ್ಮ ಲೆಕ್ಕ ಹೀಗೆ ಹಾಕಿಕೊಳ್ಳಿ

ಊಟಕ್ಕೆ ತಿಂಗಳಿಗೆ ಆರೇಳು ಸಾವಿರ ಮಾತ್ರ ಇದೆ ಅಂದರೆ ಎರಡು ಹೊತ್ತು ಡಬ್ಬಾ, ಬೆಳಿಗ್ಗೆ ರೂಮಿನಲ್ಲೇ ಬಾಳೆಹಣ್ಣು, ಅವಲಕ್ಕಿ. ಓದುವ ಮಕ್ಕಳಿಗೂ ಇದೇ. ಒಂಬತ್ತು ಹತ್ತು ಸಾವಿರ ಇದ್ದರೆ ಮಧ್ಯಾಹ್ನ ಆಫೀಸ್ ಹತ್ತಿರ ರೈಸ್ ಪ್ಲೇಟ್, ರಾತ್ರಿ ಪೋಳಿ-ಭಾಜಿ, ಕೈ ಸ್ವಲ್ಪ ಬಿಗಿ ಹಿಡಿದರೆ ವಾರಕ್ಕೆರಡು ಸಲ ಹೊರಗಿನ ತಿಂಡಿ. ನಾನು ಹೆಚ್ಚಿನವರಿಗೆ ಹೇಳುವುದು ಇದನ್ನೇ. ಡಬ್ಬಾಕ್ಕಿಂತ ಮೂರು ನಾಲ್ಕು ಸಾವಿರ ಜಾಸ್ತಿ ಹೋಗುತ್ತದೆ, ಆದರೆ ಬೇಸರ ಕಡಿಮೆ, ಹಾಳಾಗುವುದೂ ಕಡಿಮೆ. ರಾತ್ರಿ ಪಾಳಿಯವರಿಗೆ ಪೋಳಿ-ಭಾಜಿ ಸಿಗುವುದಿಲ್ಲ, ಅವರು ಮಧ್ಯಾಹ್ನವೇ ಕಟ್ಟಿಸಿ ಫ್ರಿಜ್‌ನಲ್ಲಿಡಬೇಕು, ಇಲ್ಲವೇ ತಡವಾಗಿಯೂ ತೆರೆದಿರುವ ಮೊಹಮ್ಮದ್ ಅಲಿ ರೋಡ್ ಕಡೆಯ ಹೋಟೆಲುಗಳಿಗೆ ಹೋಗಬೇಕು. ಇಬ್ಬರು ಹೋಗಿ ಒಂದು ನಿಹಾರಿ (ನಿಧಾನವಾಗಿ ಬೇಯಿಸಿದ ಮಾಂಸದ ಸಾರು) ಹಂಚಿಕೊಂಡರೆ ಅಲ್ಲೂ ಖರ್ಚು ಹೆಚ್ಚಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಅನ್ನ ಮಾತ್ರ ನೀವು ಮಾಡಿ, ಉಳಿದದ್ದು ತನ್ನಿ. ಇಬ್ಬರಿಗೂ ಡಬ್ಬಾ ಹಚ್ಚಿಸುವುದಕ್ಕಿಂತ ಹೊಂದಿಕೊಳ್ಳುತ್ತದೆ.

ಬಿಲ್ಲಿನ ಬಗ್ಗೆ ಒಂದೆರಡು ಮಾತು. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ 5 ಶೇಕಡಾ. ಬಿಲ್ಲಿನಲ್ಲಿ ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳ ತೆರಿಗೆ ಪದ್ಧತಿ) ಅಂತ ಬರೆದ ಸಣ್ಣ ಹೋಟೆಲು ನಿಮ್ಮಿಂದ ಬೇರೆಯಾಗಿ ಜಿಎಸ್‌ಟಿ ತೆಗೆದುಕೊಳ್ಳುವ ಹಾಗಿಲ್ಲ. ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ, 2022ರಲ್ಲೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂದಿದೆ, ತೆಗೆಯಿರಿ ಅಂತ ಕೇಳಬಹುದು. ಪಾರ್ಸೆಲ್‌ಗೆ ಡಬ್ಬಿ ದುಡ್ಡು ಬೇರೆ ಹಾಕುತ್ತಾರೆ, ಮನೆಯಿಂದ ಸ್ಟೀಲ್ ಡಬ್ಬಿ ಒಯ್ದರೆ ಪೋಳಿ-ಭಾಜಿಯವರು ಖುಷಿಯಿಂದ ತುಂಬಿಸಿ ಕೊಡುತ್ತಾರೆ, ಕೆಲವರು ಒಂದು ಸೌಟು ಜಾಸ್ತಿಯೇ ಹಾಕುತ್ತಾರೆ.